ಆಫ್ರಿಕಾದಲ್ಲಿ ಗೆದ್ದ ನಮ್ಮ ಹುಡುಗಿಯರು

ಕಳೆದ ವಾರ ಒಂದು ಸಂಜೆ ನಮ್ಮ ಬೀದಿಯ ಕೊನೆಯ ಮನೆಯ ದಂಪತಿ ಬಂದಿದ್ದರು. ಜೊತೆಗೆ ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ಮಗಳು. ಕಾಫಿ ಕುಡಿದು, ಮಳೆ ಬೆಳೆ, ನಲ್ಲಿ ನೀರು, ತರಕಾರಿ ಬೆಲೆ ಎಲ್ಲ ಮುಗಿದ ಮೇಲೆ ತಂದೆ ವಿಷಯಕ್ಕೆ ಬಂದರು. ‘ಮೇಷ್ಟ್ರೇ, ನೀವಾದರೂ ಇವಳಿಗೆ ಸ್ವಲ್ಪ ಬುದ್ಧಿ ಹೇಳಿ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಇವಳು ನೋಡಿದರೆ ಬೆಳಿಗ್ಗೆ ಐದಕ್ಕೇ ಎದ್ದು ಕ್ರಿಕೆಟ್ ಪ್ರಾಕ್ಟೀಸಿಗೆ ಹೋಗ್ತೀನಿ ಅಂತಾಳೆ. ಡ್ರಿಲ್ ಮೇಷ್ಟ್ರು ಚೆನ್ನಾಗಿ ಬೌಲ್ ಮಾಡ್ತಾಳೆ ಅಂತ ಹೇಳಿ ತಲೆ ಕೆಡಿಸಿದ್ದಾರೆ. ಹೆಣ್ಣುಮಕ್ಕಳು ಕ್ರಿಕೆಟ್ ಆಡಿ ಏನು ಮಾಡೋದಿದೆ, ನೀವೇ ಹೇಳಿ.’

ತಾಯಿ ಸುಮ್ಮನೆ ಕುಳಿತಿದ್ದರು. ಹುಡುಗಿ ನೆಲ ನೋಡುತ್ತಿದ್ದಳು. ನಾನು ಮೂವತ್ತೆರಡು ವರ್ಷ ಪಾಠ ಹೇಳಿದವನು. ಬುದ್ಧಿ ಹೇಳು ಎಂದರೆ ತಡವರಿಸುವ ಜಾತಿಯಲ್ಲ. ಆದರೆ ಅಂದು ಮಾತು ಹೊರಡಲಿಲ್ಲ. ‘ಯೋಚಿಸಿ ಹೇಳುತ್ತೇನೆ. ಭಾನುವಾರದ ಪೇಪರ್ ನೋಡಿ’ ಎಂದು ನಕ್ಕು ಕಳಿಸಿದೆ. ಹಾಗಾಗಿ ಈ ವಾರದ ಅಂಕಣ ಆ ಮನೆಗೆ ಬರೆದ ಉತ್ತರ. ಅಂಥದೇ ಪ್ರಶ್ನೆ ಇರುವ ಬೇರೆ ಮನೆಗಳವರೂ ಓದಬಹುದು.

ಮಾತು ಹೊರಡದಿದ್ದಕ್ಕೆ ಕಾರಣವಿತ್ತು. ಬಹಳ ವರ್ಷಗಳ ಹಿಂದೆ ನನ್ನ ತರಗತಿಯಲ್ಲೊಬ್ಬಳು ಹುಡುಗಿಯಿದ್ದಳು. ಮೈದಾನದ ಅಂಚಿನಿಂದ ಚೆಂಡೆಸೆದರೆ ನೇರ ವಿಕೆಟ್ಟಿಗೇ ಬರುತ್ತಿತ್ತು. ಗಂಡು ಹುಡುಗರೇ ಬಾಯಿ ಬಿಟ್ಟು ನೋಡುತ್ತಿದ್ದರು. ಅವಳ ತಂದೆ ಇದೇ ಪ್ರಶ್ನೆಯನ್ನು ನನಗೆ ಕೇಳಿದ್ದರು. ನಾನು ಎರಡನೇ ಯೋಚನೆಯಿಲ್ಲದೆ, ‘ಹೆಣ್ಣುಮಗು, ಓದಲಿ ಬಿಡಿ, ಆಟ ಎಲ್ಲಿಗೆ ಹೋಗುತ್ತೆ’ ಎಂದಿದ್ದೆ. ಅವಳು ಓದಿದಳು, ಒಳ್ಳೆಯ ನೌಕರಿ ಹಿಡಿದಳು, ಈಗಲೂ ಕಂಡರೆ ನಮಸ್ಕಾರ ಮಾಡುತ್ತಾಳೆ. ನಾನು ಹೇಳಿದ್ದರಿಂದ ಅವಳ ಬಾಳೇನೂ ಹಾಳಾಗಲಿಲ್ಲ. ಆದರೆ ಆಟ ಮಾತ್ರ ಎಲ್ಲಿಗೋ ಹೋಗಿಬಿಟ್ಟಿತು. ಅದನ್ನು ಕಳಿಸಿದವನು ನಾನು.

ಇರಲಿ. ಈಗ ದಕ್ಷಿಣ ಆಫ್ರಿಕಾಕ್ಕೆ ಹೋಗೋಣ.

ಅಲ್ಲಿ ಪೊಚೆಫ್‌ಸ್ಟ್ರೂಮ್ ಎಂಬ ಒಂದು ಊರಿದೆ. ವಿಶ್ವವಿದ್ಯಾಲಯವಿರುವ, ಆಟಗಾರರು ಅಭ್ಯಾಸಕ್ಕೆಂದು ಬರುವ ಊರು. ಹೆಸರು ನಮ್ಮ ನಾಲಿಗೆಗೆ ಸುಲಭವಾಗಿ ಹೊರಳುವುದಿಲ್ಲ. ಆದರೂ ನಮ್ಮ ಮಕ್ಕಳು ಬಾಯಿಪಾಠ ಮಾಡಬೇಕಾದ ಹೆಸರೇ ಅದು. 2023ರ ಜನವರಿ 29ರಂದು, 19 ವರ್ಷದೊಳಗಿನ ಹುಡುಗಿಯರ ಮೊಟ್ಟಮೊದಲ ಟಿ-20 ವಿಶ್ವಕಪ್ಪಿನ ಫೈನಲ್ ನಡೆದದ್ದು ಅಲ್ಲಿ. ಭಾರತದ ಮಹಿಳಾ ಕ್ರಿಕೆಟ್ಟಿಗೆ ಮೊದಲ ವಿಶ್ವಕಪ್ ಸಿಕ್ಕಿದ್ದೂ ಅಂದೇ. ಹಿರಿಯರು ಅಷ್ಟು ವರ್ಷ ಹೆಣಗಿದರೂ ದಕ್ಕದಿದ್ದುದನ್ನು ಶಾಲೆ ಕಾಲೇಜಿನ ಹುಡುಗಿಯರು ಮೊದಲು ಹೊತ್ತು ತಂದರು.

ಈ ಪಂದ್ಯಾವಳಿ ಮೂಲತಃ 2021ರಲ್ಲಿ ಬಾಂಗ್ಲಾದೇಶದಲ್ಲಿ ನಡೆಯಬೇಕಿತ್ತು. ಕೋವಿಡ್ ಬಂದು ಎಲ್ಲ ಏರುಪೇರಾಯಿತು. ಕೊನೆಗೆ ದಕ್ಷಿಣ ಆಫ್ರಿಕಾದ ಪಾಲಿಗೆ ಬಂತು. ಬೆನೋನಿ ಮತ್ತು ಪೊಚೆಫ್‌ಸ್ಟ್ರೂಮ್ ಎಂಬ ಎರಡು ಊರುಗಳಲ್ಲಿ 16 ತಂಡಗಳು ಆಡಿದವು. ಆಸ್ಟ್ರೇಲಿಯಾ, ಇಂಗ್ಲೆಂಡಿನಂಥ ದೊಡ್ಡ ಮನೆತನಗಳ ಜೊತೆಗೆ ಇಂಡೋನೇಷ್ಯಾ, ರುವಾಂಡಾ, ಸ್ಕಾಟ್ಲೆಂಡ್, ಅಮೆರಿಕಾ ತಂಡಗಳೂ ಇದ್ದವು.

ಕೆಲವರಿಗೆ ನೆನಪಿರಬಹುದು, ಪೊಚೆಫ್‌ಸ್ಟ್ರೂಮಿನಲ್ಲಿ ನಮ್ಮವರು ಗೆದ್ದದ್ದು ಅದು ಮೊದಲ ಸಲವಲ್ಲ. 2005ರಲ್ಲಿ ಹಿರಿಯ ಮಹಿಳೆಯರ ವಿಶ್ವಕಪ್ ದಕ್ಷಿಣ ಆಫ್ರಿಕಾದಲ್ಲೇ ನಡೆಯಿತು. ಆಗ ನಾಯಕಿ ಮಿಥಾಲಿ ರಾಜ್, ವಯಸ್ಸು ಬರೀ 22. ಪೊಚೆಫ್‌ಸ್ಟ್ರೂಮಿನ ಸೆಮಿಫೈನಲ್ಲಿನಲ್ಲಿ ಅವರು ಔಟಾಗದೆ 91 ಹೊಡೆದರು. ನ್ಯೂಜಿಲೆಂಡ್ 40 ರನ್ನುಗಳಿಂದ ಸೋತಿತು. ಭಾರತ ಮೊದಲ ಬಾರಿಗೆ ವಿಶ್ವಕಪ್ ಫೈನಲ್ ಸೇರಿತು. ಏಪ್ರಿಲ್ 10ರಂದು ಸೆಂಚುರಿಯನ್ನಿನಲ್ಲಿ ಆಸ್ಟ್ರೇಲಿಯಾದ ಕರೆನ್ ರೋಲ್ಟನ್ ಔಟಾಗದೆ 107 ಹೊಡೆದರು. ಆಸ್ಟ್ರೇಲಿಯಾ 215, ನಮ್ಮವರು 117. ಸೋಲು 98 ರನ್ನಿನದು.

ಆ ಸೋಲು ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಸುದ್ದಿಯಾಯಿತು? ನಮ್ಮ ಮನೆಯಲ್ಲಂತೂ ಆಗಲಿಲ್ಲ. ಗಂಡಸರ ಪಂದ್ಯವಿದ್ದರೆ ಟಿ.ವಿ. ಮುಂದೆ ಊಟ ಮಾಡುವವರು ನಾವು. ಆ ವಿಶ್ವಕಪ್ಪಿನಲ್ಲಿ ಪಂದ್ಯಕ್ಕೆ ಸಾವಿರ ರೂಪಾಯಿಯಂತೆ ಎಂಟು ಪಂದ್ಯಕ್ಕೆ ಎಂಟು ಸಾವಿರ ರೂಪಾಯಿ ಸಿಕ್ಕಿತ್ತು ಎಂದು ಮಿಥಾಲಿ ಎಷ್ಟೋ ವರ್ಷಗಳ ಮೇಲೆ ಒಂದು ಸಂದರ್ಶನದಲ್ಲಿ ಹೇಳಿದರು. ಅದಕ್ಕೂ ಹಿಂದಿನವರ ಕಥೆ ಕೇಳುವುದೇ ಬೇಡ. 1976ರಲ್ಲಿ ಭಾರತದ ಮಹಿಳೆಯರು ಆಡಿದ ಮೊದಲ ಟೆಸ್ಟ್ ಪಂದ್ಯ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ನಾಯಕಿ ನಮ್ಮವರೇ ಆದ ಶಾಂತಾ ರಂಗಸ್ವಾಮಿ. ರಿಸರ್ವೇಶನ್ ಇಲ್ಲದ ರೈಲು ಡಬ್ಬಿಯಲ್ಲಿ ಪ್ರಯಾಣ ಮಾಡಿ, ಡಾರ್ಮಿಟರಿಗಳಲ್ಲಿ ಮಲಗಿ ಆಡಿದ ದಿನಗಳನ್ನು ಅವರು ನೆನೆಸಿಕೊಂಡಿದ್ದಾರೆ. ಇಂದಿನ ಹುಡುಗಿಯರು ನಡೆಯುತ್ತಿರುವ ದಾರಿಯ ಕಲ್ಲುಮುಳ್ಳು ಆರಿಸಿದವರು ಅವರು.

2005ರ ಸೋತ ತಂಡದಲ್ಲಿ ಒಬ್ಬರು ಆಫ್‌ಸ್ಪಿನ್ ಬೌಲರ್ ಇದ್ದರು, ನೂಶಿನ್ ಅಲ್ ಖದೀರ್. ಹುಟ್ಟಿದ್ದು ಇರಾನಿನ ತೆಹರಾನಿನಲ್ಲಿ. ಕ್ರಿಕೆಟ್ ಆಡಿದ್ದು ನಮ್ಮ ಕರ್ನಾಟಕಕ್ಕೆ, ರೈಲ್ವೆಗೆ, ಭಾರತಕ್ಕೆ. ಹದಿನೆಂಟು ವರ್ಷಗಳ ಮೇಲೆ ಅದೇ ದೇಶಕ್ಕೆ ಮತ್ತೆ ಹೋದರು, ಹುಡುಗಿಯರ ತಂಡದ ಕೋಚ್ ಆಗಿ. ತಾನು ಕಪ್ ಕಳೆದುಕೊಂಡ ನೆಲದಲ್ಲೇ ಮಕ್ಕಳ ಕೈಯಲ್ಲಿ ಅದನ್ನು ಗೆಲ್ಲಿಸಿಕೊಂಡು ಬಂದರು. ಮೇಷ್ಟರ ಕೆಲಸಕ್ಕೆ ಇದಕ್ಕಿಂತ ದೊಡ್ಡ ಸಂಬಳ ನಾನು ಕಂಡಿಲ್ಲ.

ಈಗ ಆ ಹುಡುಗಿಯರು ಯಾರೆಂದು ನೋಡೋಣ.

ನಾಯಕಿ ಶೆಫಾಲಿ ವರ್ಮಾ, ಹರಿಯಾಣದ ರೋಹಟಕ್ಕಿನವಳು. ಚಿಕ್ಕಂದಿನಲ್ಲಿ ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ ಕ್ರಿಕೆಟ್ ಕಲಿಸುವವರಿರಲಿಲ್ಲ. ತಂದೆ ಅವಳ ಕೂದಲು ಕತ್ತರಿಸಿ ಗಂಡು ಹುಡುಗನಂತೆ ಮಾಡಿ ಕರೆದೊಯ್ದರು. ಒಮ್ಮೆ ಅಣ್ಣನಿಗೆ ಹುಷಾರಿಲ್ಲದಾಗ ಅವನ ಬದಲು ಇವಳೇ ಹುಡುಗರ ಪಂದ್ಯಾವಳಿಯಲ್ಲಿ ಆಡಿ ಬಂದಳು. ಹದಿನೈದಕ್ಕೇ ಭಾರತದ ಹಿರಿಯರ ತಂಡ. ಹದಿನಾರಕ್ಕೆ ಮೆಲ್ಬರ್ನಿನಲ್ಲಿ 86 ಸಾವಿರ ಜನರೆದುರು ವಿಶ್ವಕಪ್ ಫೈನಲ್ ಸೋತು ಕಣ್ಣೀರು. ಪೊಚೆಫ್‌ಸ್ಟ್ರೂಮಿನ ಫೈನಲ್ಲಿನ ಹಿಂದಿನ ದಿನ ಅವಳಿಗೆ 19 ತುಂಬಿತ್ತು.

ಗೊಂಗಡಿ ತ್ರಿಷಾ ತೆಲಂಗಾಣದ ಭದ್ರಾಚಲದವಳು. ಮಗಳಿಗೆ ಒಳ್ಳೆಯ ತರಬೇತಿ ಸಿಗಲೆಂದು ತಂದೆ ತಮ್ಮ ಜಿಮ್ ಮಾರಿ ಊರು ಬಿಟ್ಟು ಸಿಕಂದರಾಬಾದಿಗೆ ಬಂದರು. ತಿತಾಸ್ ಸಾಧು ಬಂಗಾಳದ ಚಿನ್ಸುರಾದವಳು, ವೇಗದ ಬೌಲರ್. ಸೌಮ್ಯಾ ತಿವಾರಿ ಭೋಪಾಲಿನವಳು. ಉಪನಾಯಕಿ ಶ್ವೇತಾ ಸೆಹ್ರಾವತ್ ದಿಲ್ಲಿಯವಳು. ಇಡೀ ಪಂದ್ಯಾವಳಿಯಲ್ಲಿ ಅತಿ ಹೆಚ್ಚು, 297 ರನ್ ಹೊಡೆದವಳು.

ಇನ್ನೊಬ್ಬಳ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅರ್ಚನಾ ದೇವಿ, ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಒಂದು ಕುಗ್ರಾಮದವಳು. ತಂದೆ ಕ್ಯಾನ್ಸರಿನಿಂದ ತೀರಿಕೊಂಡರು. ಕೆಲವು ವರ್ಷಗಳ ಮೇಲೆ ಸಹೋದರನೊಬ್ಬ ಹಾವು ಕಚ್ಚಿ ಸತ್ತ. ಗಂಡನನ್ನೂ ಮಗನನ್ನೂ ಕಳೆದುಕೊಂಡ ತಾಯಿಗೆ ಸಮಾಧಾನ ಹೇಳುವ ಬದಲು ಊರಿನ ಕೆಲವರು ಮಾಟಗಾತಿ ಎಂದರಂತೆ. ಆ ತಾಯಿ ಮಗಳನ್ನು ದೂರದ ವಸತಿ ಶಾಲೆಗೆ ಸೇರಿಸಿದಾಗ, ಮಗಳನ್ನು ಮಾರಿಬಿಟ್ಟಳು ಎಂದೂ ಆಡಿಕೊಂಡರಂತೆ. ತುಂಡು ಹೊಲ, ಹಸುವಿನ ಹಾಲು ಮಾರಿ ಬಂದ ಕಾಸು, ಇಷ್ಟೇ ಬದುಕು. ಆ ವಸತಿ ಶಾಲೆಯ ಒಬ್ಬ ಶಿಕ್ಷಕಿ ಹುಡುಗಿಯ ಆಟ ನೋಡಿ ಕಾನ್ಪುರಕ್ಕೆ ಕರೆದೊಯ್ದರು. ಅಲ್ಲಿ ಕುಲದೀಪ್ ಯಾದವ್‌ಗೆ ಕಲಿಸಿದ ಕೋಚ್ ಇವಳಿಗೂ ಕಲಿಸಿದರು.

ಫೈನಲ್ಲಿನ ದಿನ ಆ ಹಳ್ಳಿಯಲ್ಲಿ ಕರೆಂಟಿನ ಭರವಸೆಯಿರಲಿಲ್ಲ. ಇನ್ವರ್ಟರ್ ಹೊಂದಿಸಿಕೊಂಡು ಊರಿನವರೆಲ್ಲ ಆ ತಾಯಿಯ ಮನೆ ಮುಂದೆ ಕೂತು ಪಂದ್ಯ ನೋಡಿದರು. ಆಡಿಕೊಂಡಿದ್ದ ಬಾಯಿಗಳಲ್ಲಿ ಎಷ್ಟು ಅಂದು ಚಪ್ಪಾಳೆಯ ಜೊತೆ ಸೇರಿದವೋ, ದೇವರೇ ಬಲ್ಲ!

ಪಂದ್ಯ ಹೀಗಾಯಿತು. ಎದುರಾಳಿ ಇಂಗ್ಲೆಂಡ್. ಸೆಮಿಫೈನಲ್ಲಿನಲ್ಲಿ ಬರೀ 99 ರನ್ ಮಾಡಿಯೂ ಆಸ್ಟ್ರೇಲಿಯಾವನ್ನು 3 ರನ್ನಿನಿಂದ ಸೋಲಿಸಿ ಬಂದಿದ್ದ ಗಟ್ಟಿ ತಂಡ. ತಿತಾಸ್ ಮೊದಲ ಓವರಿನಲ್ಲೇ ತನ್ನ ಬೌಲಿಂಗಿಗೆ ತಾನೇ ಕ್ಯಾಚ್ ಹಿಡಿದಳು. ನಾಲ್ಕು ಓವರಿನಲ್ಲಿ ಅವಳು ಕೊಟ್ಟದ್ದು 6 ರನ್, ಕಿತ್ತದ್ದು 2 ವಿಕೆಟ್. ಇಂಗ್ಲೆಂಡಿನ ನಾಯಕಿ ಗ್ರೇಸ್ ಸ್ಕ್ರಿವೆನ್ಸ್ ಆ ಪಂದ್ಯಾವಳಿಯ ಶ್ರೇಷ್ಠ ಆಟಗಾರ್ತಿ. ಅವಳನ್ನು ಔಟ್ ಮಾಡಿದವಳು ಅರ್ಚನಾ. ಮುಂದೆ ಅದೇ ಅರ್ಚನಾ ಗಾಳಿಯಲ್ಲಿ ಹಾರಿ ಒಂದೇ ಕೈಯಲ್ಲಿ ಹಿಡಿದ ಕ್ಯಾಚು ಎಷ್ಟು ಸಲ ನೋಡಿದರೂ ಸಾಲದು. ಇಂಗ್ಲೆಂಡ್ 17.1 ಓವರುಗಳಲ್ಲಿ 68ಕ್ಕೆ ಆಲೌಟ್. ನಮ್ಮ ಕಡೆ ಶೆಫಾಲಿ, ಶ್ವೇತಾ ಬೇಗ ಔಟಾದರು. ಹೆಸರಾಂತರಿಬ್ಬರೂ ಹೋದ ಮೇಲೆ ತ್ರಿಷಾ, ಸೌಮ್ಯಾ ಅವಸರಪಡದೆ ತಲಾ 24 ಮಾಡಿದರು. 14 ಓವರುಗಳಿಗೇ ಆಟ ಮುಗಿಯಿತು, 7 ವಿಕೆಟ್ ಗೆಲುವು. ಕಪ್ ತೆಗೆದುಕೊಳ್ಳುವಾಗ ಶೆಫಾಲಿ ಬಿಕ್ಕಿಬಿಕ್ಕಿ ಅತ್ತಳು. ಅದು ಮೆಲ್ಬರ್ನಿನ ಕಣ್ಣೀರಲ್ಲ.

ವಿದ್ಯಾರ್ಥಿ ಮಿತ್ರರೇ, ಗೆದ್ದ ದಿನದ ಕಥೆ ಎಲ್ಲರೂ ಹೇಳುತ್ತಾರೆ. ನಾನು ಸೋತ ದಿನದ ಕಥೆ ಹೇಳುತ್ತೇನೆ. ನಿಮಗೆ ಅದೇ ಹೆಚ್ಚು ಉಪಯೋಗ.

ಮೊದಲ ಮೂರು ಪಂದ್ಯಗಳನ್ನು ನಮ್ಮವರು ಭರ್ಜರಿಯಾಗಿ ಗೆದ್ದಿದ್ದರು. ದಕ್ಷಿಣ ಆಫ್ರಿಕಾದ ವಿರುದ್ಧ ಶ್ವೇತಾ ಔಟಾಗದೆ 92. ಅರಬ್ ಎಮಿರೇಟ್ಸ್ ವಿರುದ್ಧ 122 ರನ್ನಿನ ಗೆಲುವು. ಸ್ಕಾಟ್ಲೆಂಡ್ ವಿರುದ್ಧ 83 ರನ್ನಿನ ಗೆಲುವು. ಆಮೇಲೆ ಜನವರಿ 21ರಂದು ಆಸ್ಟ್ರೇಲಿಯಾ ಎದುರು 87ಕ್ಕೆ ಆಲೌಟಾಗಿ 7 ವಿಕೆಟಿನಿಂದ ಸೋತರು. ನೆಲ ಕುಸಿದಂಥ ಸೋಲು. ಅಳಲು ಸಮಯವೂ ಇರಲಿಲ್ಲ. ಮರುದಿನವೇ ಶ್ರೀಲಂಕಾ ಜೊತೆ ಪಂದ್ಯ. ಮರುದಿನ ಅದೇ ಹುಡುಗಿಯರು ಶ್ರೀಲಂಕಾವನ್ನು 59ಕ್ಕೆ ಕಟ್ಟಿ ಹಾಕಿದರು. ಪಾರ್ಶವಿ ಚೋಪ್ರಾ 5 ರನ್ ಕೊಟ್ಟು 4 ವಿಕೆಟ್ ತೆಗೆದಳು. ಗುರಿಯನ್ನು ಎಂಟು ಓವರಿನೊಳಗೇ ಮುಟ್ಟಿದರು.

ಆ ಅವಸರಕ್ಕೂ ಒಂದು ಲೆಕ್ಕವಿತ್ತು. ಆ ಗುಂಪಿನಲ್ಲಿ ಕೊನೆಗೆ ಹಲವು ತಂಡಗಳ ಅಂಕ ಸಮವಾಯಿತು. ಸಮವಾದಾಗ ನೋಡುವುದು ನೆಟ್ ರನ್ ರೇಟನ್ನು. ಅಂದರೆ ಓವರಿಗೆ ನಾವು ಹೊಡೆದ ಸರಾಸರಿ ರನ್ನಿನಲ್ಲಿ ಎದುರಾಳಿಗೆ ಕೊಟ್ಟ ಸರಾಸರಿಯನ್ನು ಕಳೆದು ಉಳಿಯುವ ಸಂಖ್ಯೆ. ಗೆದ್ದ ದಿನಗಳಲ್ಲಿ ‘ಹೇಗೂ ಗೆದ್ದೆವಲ್ಲ’ ಎಂದು ಕೈಬಿಡದೆ ಕೊನೆಯ ಚೆಂಡಿನವರೆಗೂ ಆಡಿದ್ದರ ಫಲ ಇಲ್ಲಿ ಸಿಕ್ಕಿತು. ಭಾರತ ಸೆಮಿಫೈನಲ್ ಸೇರಿತು. ಕಿರುಪರೀಕ್ಷೆಗಳನ್ನು ಅಲಕ್ಷ್ಯ ಮಾಡುವ ಮಕ್ಕಳು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಲಿ. ಒಂದು ಪತ್ರಿಕೆ ಕೆಟ್ಟಿತೆಂದು ಮರುದಿನದ ಪತ್ರಿಕೆಯನ್ನೂ ಕೆಡಿಸಿಕೊಂಡ ಮಕ್ಕಳನ್ನು ನಾನು ಎಷ್ಟೋ ನೋಡಿದ್ದೇನೆ. ಜನವರಿ 21ರ ರಾತ್ರಿ ಆ ಹುಡುಗಿಯರು ಹೇಗೆ ನಿದ್ದೆ ಮಾಡಿದರೋ ಗೊತ್ತಿಲ್ಲ, 22ರಂದು ಮೈದಾನಕ್ಕಂತೂ ಬಂದರು.

ಕಪ್ ಗೆಲ್ಲದೆಯೂ ಗೆದ್ದವರ ಮಾತು ಹೇಳದಿದ್ದರೆ ಈ ಕಥೆ ಅಪೂರ್ಣ. ರುವಾಂಡಾ ಮಧ್ಯ ಆಫ್ರಿಕಾದ ಪುಟ್ಟ ದೇಶ. 1994ರಲ್ಲಿ ಅಲ್ಲಿ ನಡೆದ ನರಮೇಧದಲ್ಲಿ ನೂರು ದಿನಗಳ ಅವಧಿಯಲ್ಲಿ ಸುಮಾರು ಎಂಟು ಲಕ್ಷ ಜನ ಸತ್ತರು. ಬ್ರಿಟಿಷರು ಆಳಿದ ದೇಶವಲ್ಲವಾದ್ದರಿಂದ ಅಲ್ಲಿ ಕ್ರಿಕೆಟ್ಟಿನ ಪರಂಪರೆಯೇ ಇರಲಿಲ್ಲ. ಉಗಾಂಡ, ಕೀನ್ಯಾಗಳಲ್ಲಿ ನಿರಾಶ್ರಿತರಾಗಿದ್ದವರು ಊರಿಗೆ ಮರಳುವಾಗ ಗಂಟುಮೂಟೆಯ ಜೊತೆ ಈ ಆಟವನ್ನೂ ತಂದರು. ಅಂಥ ನಾಡಿನ ಹುಡುಗಿಯರು ಆಫ್ರಿಕಾದ ಅರ್ಹತಾ ಪಂದ್ಯಗಳನ್ನು ಗೆದ್ದು ಈ ವಿಶ್ವಕಪ್ಪಿಗೆ ಬಂದರು. ಯಾವ ಮಟ್ಟದಲ್ಲೇ ಆಗಲಿ, ರುವಾಂಡಾ ಕ್ರಿಕೆಟ್ ವಿಶ್ವಕಪ್ ಆಡಿದ್ದು ಅದೇ ಮೊದಲು.

ಸುಮ್ಮನೆ ಬಂದು ಹೋಗಲಿಲ್ಲ ಅವರು. ಜಿಂಬಾಬ್ವೆಯನ್ನು 39 ರನ್ನಿನಿಂದ ಸೋಲಿಸಿದರು. ಹೆನ್ರಿಯೆಟ್ ಇಶಿಮ್ವೆ ಎಂಬ ಹುಡುಗಿ ಸತತ ನಾಲ್ಕು ಚೆಂಡಿಗೆ ನಾಲ್ಕು ವಿಕೆಟ್ ತೆಗೆದಳು. ಆಮೇಲೆ ವೆಸ್ಟ್ ಇಂಡೀಸನ್ನು, ಹೌದು, ವೆಸ್ಟ್ ಇಂಡೀಸನ್ನೇ, 70ಕ್ಕೆ ಕೆಡವಿ 4 ವಿಕೆಟಿನಿಂದ ಗೆದ್ದರು. ಗೆದ್ದ ಮೇಲೆ ಹಾಡಿದರು, ಕುಣಿದರು. ಅವರಿಗೆ ಕಪ್ ಸಿಗಲಿಲ್ಲ, ಸೆಮಿಫೈನಲ್ಲೂ ಸಿಗಲಿಲ್ಲ. ಆದರೆ ಆ ಮುಖಗಳನ್ನು ನೋಡಿದವರು ‘ಕ್ರಿಕೆಟ್ ಆಡಿ ಏನು ಮಾಡೋದಿದೆ’ ಎಂದು ಕೇಳಲಾರರು.

ಇನ್ನು ಹಣದ ಮಾತು. ತಂದೆತಾಯಿ ಕೇಳಿದರೆ ತಪ್ಪಲ್ಲ, ಕೇಳಲೇಬೇಕು. ಗೆದ್ದ ತಂಡಕ್ಕೂ ಸಿಬ್ಬಂದಿಗೂ ಸೇರಿ ಕ್ರಿಕೆಟ್ ಮಂಡಳಿ 5 ಕೋಟಿ ರೂಪಾಯಿ ಘೋಷಿಸಿತು; ಅಹಮದಾಬಾದಿನಲ್ಲಿ ಸಚಿನ್ ತೆಂಡೂಲ್ಕರ್ ಸನ್ಮಾನಿಸಿದರು. ಫೈನಲ್ ಮುಗಿದು ಹದಿನೈದೇ ದಿನಕ್ಕೆ ಮಹಿಳೆಯರ ಪ್ರೀಮಿಯರ್ ಲೀಗಿನ ಮೊದಲ ಹರಾಜು ನಡೆಯಿತು. ಶೆಫಾಲಿಗೆ 2 ಕೋಟಿ, ರಿಚಾ ಘೋಷ್‌ಗೆ 1 ಕೋಟಿ 90 ಲಕ್ಷ, ಶ್ವೇತಾಗೆ 40 ಲಕ್ಷ, ತಿತಾಸ್‌ಗೆ 25 ಲಕ್ಷ, ಪಾರ್ಶವಿಗೆ 10 ಲಕ್ಷ. ಎಂಟು ಸಾವಿರದ ಕಾಲದಿಂದ ಇಲ್ಲಿಗೆ! ಆದರೆ ಅದೇ ತಂಡದ ಎಲ್ಲರಿಗೂ ಹರಾಜು ಒಲಿಯಲಿಲ್ಲ ಎಂಬುದನ್ನೂ ಮರೆಯಬಾರದು. ಫೈನಲ್ಲಿನಲ್ಲಿ ಗೆಲುವಿನ ದಡ ಮುಟ್ಟಿಸಿದ ತ್ರಿಷಾಳನ್ನೂ ಸೌಮ್ಯಾಳನ್ನೂ ಅಂದು ಯಾರೂ ಕೊಳ್ಳಲಿಲ್ಲ.

ತ್ರಿಷಾ ಏನು ಮಾಡಿದಳು ಗೊತ್ತೇ? ವಾಪಸು ನೆಟ್ಸಿಗೆ ಹೋದಳು. 2025ರಲ್ಲಿ ಮಲೇಷ್ಯಾದಲ್ಲಿ ನಡೆದ ಎರಡನೇ ವಿಶ್ವಕಪ್ಪಿನಲ್ಲಿ ಆ ಪಂದ್ಯಾವಳಿಯ ಚರಿತ್ರೆಯ ಮೊದಲ ಶತಕ ಹೊಡೆದಳು, ಒಟ್ಟು 309 ರನ್ ಮಾಡಿ ಶ್ರೇಷ್ಠ ಆಟಗಾರ್ತಿಯಾದಳು. ಆ ಸಲವೂ ಕಪ್ ನಮ್ಮದೇ. ನಾಯಕಿ ನಮ್ಮ ಬೆಂಗಳೂರಿನ ನಿಕ್ಕಿ ಪ್ರಸಾದ್. ಶೆಫಾಲಿಯ ಕಥೆ ಇನ್ನೂ ಸ್ವಾರಸ್ಯ. 2025ರ ಹಿರಿಯರ ವಿಶ್ವಕಪ್ಪಿಗೆ ಅವಳನ್ನು ಮೊದಲು ಆರಿಸಿರಲೇ ಇಲ್ಲ. ಪ್ರತಿಕಾ ರಾವಲ್ ಗಾಯಗೊಂಡಾಗ ಕರೆ ಬಂತು. ನವೆಂಬರ್ 2ರ ಫೈನಲ್ಲಿನಲ್ಲಿ 87 ರನ್, 2 ವಿಕೆಟ್, ಪಂದ್ಯಶ್ರೇಷ್ಠೆ. ನವಿ ಮುಂಬಯಿಯಲ್ಲಿ ಅಂದು ಭಾರತಕ್ಕೆ ಸೋತದ್ದು ದಕ್ಷಿಣ ಆಫ್ರಿಕಾ. 2005ರಲ್ಲಿ ಕೈತಪ್ಪಿದ್ದು ಇಪ್ಪತ್ತು ವರ್ಷಗಳ ಮೇಲೆ ಕೈಗೆ ಬಂತು.

ಇಷ್ಟು ಹೇಳಿದ ಮೇಲೆ ನಮ್ಮ ಬೀದಿಯ ತಂದೆಗೆ ನನ್ನ ಉತ್ತರ ಏನು? ‘ನಿಮ್ಮ ಮಗಳು ಶೆಫಾಲಿಯಾಗುತ್ತಾಳೆ’ ಎಂದು ನಾನು ಹೇಳಲಾರೆ. ದೇಶಕ್ಕೆಲ್ಲ ಸೇರಿ ತಂಡಕ್ಕೆ ಹದಿನೈದೇ ಜನ. ಆಡುವ ಸಾವಿರಾರು ಹುಡುಗಿಯರಲ್ಲಿ ಬಹುಪಾಲು ಅಲ್ಲಿಗೆ ತಲುಪುವುದಿಲ್ಲ. ಆದ್ದರಿಂದ ಜಿಮ್ ಮಾರಿ, ಹೊಲ ಮಾರಿ ಎಂದು ಯಾರಿಗೂ ಉಪದೇಶ ಮಾಡುವುದಿಲ್ಲ. ಶಾಲೆ ಬಿಡಿಸಬೇಡಿ, ಓದು ಕೈಹಿಡಿಯುವ ಕೋಲು, ಅದು ಇರಲೇಬೇಕು. ಆದರೆ ಓದಿನ ಹೆಸರಿನಲ್ಲಿ ಆಟವನ್ನು ಕಿತ್ತುಕೊಳ್ಳಬೇಡಿ. ಬೆಳಿಗ್ಗೆ ಐದಕ್ಕೆ ತಾನಾಗಿ ಏಳುವ ಮಗು ಓದಿನಲ್ಲಿ ಹಿಂದೆ ಬೀಳುತ್ತದೆಂದು ಹೆದರಬೇಕಿಲ್ಲ. ಏಳಿಸಿದರೂ ಏಳದ ಮಕ್ಕಳ ಬಗ್ಗೆ ಹೆದರಿ.

ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಅವಳು ಹೋಗುವ ಮೈದಾನದಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವಿದೆಯೇ? ಕಲಿಸುವವರು ಯಾರು, ಹೇಗಿದ್ದಾರೆ? ಜೊತೆಗೆ ಬೇರೆ ಹುಡುಗಿಯರಿದ್ದಾರೆಯೇ? ಕತ್ತಲಾದರೆ ಕರೆತರುವವರು ಯಾರು? ಬೆಳಿಗ್ಗೆ ಹೊಟ್ಟೆಗೆ ಏನು ತಿಂದು ಹೋಗುತ್ತಾಳೆ? ಒಂದು ದಿನ ನೀವೇ ಹೋಗಿ ಬೇಲಿ ಪಕ್ಕ ನಿಂತು ನೋಡಿ. ಹದಿನೈದು ವರ್ಷದೊಳಗಿನವರು, ಹತ್ತೊಂಬತ್ತರೊಳಗಿನವರು ಎಂದು ಹುಡುಗಿಯರಿಗೂ ಈಗ ವಯಸ್ಸಿನ ಮೆಟ್ಟಿಲುಗಳಿವೆ; ಆಯ್ಕೆಗೆ ಜನನ ಪ್ರಮಾಣಪತ್ರ ಸರಿಯಾಗಿ ಇಟ್ಟುಕೊಳ್ಳಿ. ಮುಂದೆ ರೈಲ್ವೆಯಂಥ ಕಡೆ ಆಟದ ಆಧಾರದ ಮೇಲೆ ನೌಕರಿ ಹಿಡಿದವರೂ ಉಂಟು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚಿನ ಎರಡು ತಿಂಗಳು ಪ್ರಾಕ್ಟೀಸು ಕಡಿಮೆ ಮಾಡುವಂತೆ ಅವಳ ಜೊತೆಯೇ ಕೂತು ಒಪ್ಪಂದ ಮಾಡಿಕೊಳ್ಳಿ. ಕೂತು ಮಾತಾಡಿದರೆ ಕೇಳುವ ಮಗು ಅದು, ನಾನು ಮುಖ ನೋಡಿದ್ದೇನೆ.

ಮತ್ತೆ, ತಾಯಿಯವರೇ, ಅಂದು ನೀವು ಒಂದು ಮಾತೂ ಆಡಲಿಲ್ಲ. ಉನ್ನಾವಿನ ಆ ತಾಯಿಗೆ ಮಾತಾಡಲು ಬೇರೆ ಯಾರೂ ಇರಲಿಲ್ಲ, ಅವರೇ ಆಡಬೇಕಾಯಿತು. ನಿಮ್ಮ ಮನಸ್ಸಿನಲ್ಲಿ ಏನಿದೆಯೋ ಅದನ್ನು ಈ ಭಾನುವಾರ ಊಟಕ್ಕೆ ಕೂತಾಗ ಹೇಳಿಬಿಡಿ.

ಹುಡುಗಿಗೆ ಹೇಳುವುದು ಇಷ್ಟೇ: ನಾಳೆ ಬೆಳಿಗ್ಗೆ ಮೈದಾನಕ್ಕೆ ಹೋಗುವಾಗ ನಮ್ಮ ಮನೆ ಮುಂದೆಯೇ ಹೋಗು. ಗೇಟಿನ ಹತ್ತಿರ ಹಾಲಿಗೆ ಕಾಯುತ್ತ ನಿಂತಿರುತ್ತೇನೆ. ಸಾಯಂಕಾಲ ಗಣಿತದ ಪುಸ್ತಕ ತೆಗೆದುಕೊಂಡು ಬಾ. ನೆಟ್ ರನ್ ರೇಟ್ ಲೆಕ್ಕದಿಂದಲೇ ಶುರುಮಾಡೋಣ.